ಕೊಳ್ಳುವ ಮುನ್ನವೇ ಕಸದ ಯೋಚನೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಪಟ್ಟಣದ ಅಂಚಿನ ಮನೆ. ಹಿತ್ತಲಲ್ಲಿ ನಾಲ್ಕಾರು ತೆಂಗು, ಒಂದಿಷ್ಟು ಅಡಿಕೆ ಇದೆ. ಈಚೆಗೆ ಶಿವಮೊಗ್ಗಕ್ಕೆ ಹೋದಾಗಲೆಲ್ಲ ‘ಪರಿಸರಸ್ನೇಹಿ’ ಎಂದು ಬರೆದ ಕಸದ ಚೀಲ, ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ ತರುತ್ತಿದ್ದೇನೆ. ಬೆಲೆ ಜಾಸ್ತಿ. ನಮ್ಮ ಅತ್ತೆಯವರು ‘ಪ್ಲಾಸ್ಟಿಕ್ ಕವರನ್ನೆಲ್ಲ ಬಚ್ಚಲೊಲೆಗೆ ಹಾಕಿದರೆ ಮುಗೀತು, ಇಷ್ಟೆಲ್ಲ ಯಾಕೆ?’ ಅಂತಾರೆ. ನಾನು ಕೊಡುವ ಹೆಚ್ಚಿನ ದುಡ್ಡಿಗೆ ಅರ್ಥ ಇದೆಯೇ? ಕಸ ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಎಲ್ಲ ಒಂದೇ ಆಗುತ್ತದಲ್ಲ?

ಉತ್ತರ: ಮೊದಲು ಒಲೆಯ ವಿಷಯ ಮುಗಿಸೋಣ. ನಿಮ್ಮ ಪ್ರಶ್ನೆಯಲ್ಲಿ ಇವತ್ತೇ ನಿಲ್ಲಬೇಕಾದದ್ದು ಅದೊಂದೇ, ಉಳಿದದ್ದನ್ನು ನಿಧಾನವಾಗಿ ಸರಿಮಾಡಿಕೊಳ್ಳಬಹುದು.

ಮಲೆನಾಡಿನ ಮನೆಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿದ್ದಾಗ, ಹಂಡೆಯ ಕೆಳಗೆ ಒಂದು ಎಣ್ಣೆ ಕವರನ್ನೋ ಬಿಸ್ಕತ್ತಿನ ಪೊಟ್ಟಣವನ್ನೋ ಇಟ್ಟು ಬೆಂಕಿ ಹೊತ್ತಿಸುವುದು ಎಷ್ಟು ಸಲೀಸು ಎಂದು ನನಗೆ ಗೊತ್ತು. ನಿಮ್ಮ ಅತ್ತೆಯವರು ಸಂಸಾರ ಹೂಡಿದ ಕಾಲದಲ್ಲಿ ಮನೆಯ ಕಸವೆಂದರೆ ಕಾಗದ, ಬಾಳೆ ಎಲೆ, ತೆಂಗಿನ ಸಿಪ್ಪೆ. ಅದನ್ನು ಸುಟ್ಟರೆ ನಿಜಕ್ಕೂ ಬೂದಿಯಷ್ಟೇ ಉಳಿಯುತ್ತಿತ್ತು. ಈಗಿನ ಕಸ ಹಾಗಿಲ್ಲ. ಬಚ್ಚಲೊಲೆಯ ಬೆಂಕಿ ಪ್ಲಾಸ್ಟಿಕ್ಕನ್ನು ಪೂರ್ತಿ ಸುಡುವಷ್ಟು ಬಿಸಿಯಲ್ಲ. ಅರೆಬೆಂದ ಪ್ಲಾಸ್ಟಿಕ್ ಕಾರ್ಬನ್ ಮೊನಾಕ್ಸೈಡನ್ನೂ ಕಪ್ಪು ಮಸಿಯನ್ನೂ ಬಿಡುತ್ತದೆ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಅದರಲ್ಲಿ ಸೇರಿದ್ದರೆ ಡಯಾಕ್ಸಿನ್ ಹುಟ್ಟುತ್ತದೆ. ಡಯಾಕ್ಸಿನ್ ಸುಲಭಕ್ಕೆ ಕರಗಿ ಹೋಗುವ ವಿಷವಲ್ಲ. ಹೊಗೆಯ ಜೊತೆ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲು ಮೇಯ್ದ ಹಸುವಿನ ಕೊಬ್ಬಿಗೆ ಸೇರುತ್ತದೆ, ಅಲ್ಲಿಂದ ಹಾಲಿಗೆ ಬರುತ್ತದೆ. ಜಗತ್ತಿನ ದೇಶಗಳು 2001ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಪ್ಪಂದ ಮಾಡಿಕೊಂಡು ಹತೋಟಿಗೆ ತರಬೇಕೆಂದ ವಿಷಗಳ ಪಟ್ಟಿಯಲ್ಲಿ ಇದೂ ಇದೆ. ಅದೇ ಒಲೆಯ ಬೂದಿಯನ್ನು ನೀವು ಬಸಳೆ ಬುಡಕ್ಕೆ ಹಾಕುತ್ತೀರಿ, ಕೆಲವರು ಪಾತ್ರೆಯನ್ನೂ ತಿಕ್ಕುತ್ತಾರೆ. ಒಲೆಯ ಮುಂದೆ ಕೂತು ಊದುವವರು ಯಾರು ಎಂಬುದನ್ನೂ ನೆನೆಯಿರಿ. ಬಹುತೇಕ ಮನೆಗಳಲ್ಲಿ ಅದು ಅತ್ತೆಯವರೇ.

ಕಸ ಸುಡುವುದನ್ನು ಕಾನೂನೂ ಒಪ್ಪುವುದಿಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ನಗರಗಳ ಕಸದ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ದೇಶಕ್ಕೆ 2000ದಲ್ಲಿ ಮೊದಲ ಕಸ ವಿಲೇವಾರಿ ನಿಯಮ ಬಂದಿದ್ದು ಆ ಮೊಕದ್ದಮೆಯ ಬೆನ್ನಿಗೆ. ಅದೇ ಮೊಕದ್ದಮೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸುವ ಆದೇಶ ಬಂತು. ದಂಡ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ಆದರೆ ಅತ್ತೆಯವರಿಗೆ ದಂಡದ ಮಾತು ಹೇಳಬೇಡಿ. ಹಾಲಿನ ಮಾತು ಹೇಳಿ.

ಈಗ ನಿಮ್ಮ ಕಸದ ಚೀಲಕ್ಕೆ ಬರೋಣ. ನೀವು ಕೊಡುತ್ತಿರುವ ಹೆಚ್ಚಿನ ದುಡ್ಡು ದಂಡವಾಗುತ್ತಿರುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ‘ಪರಿಸರಸ್ನೇಹಿ’ ಎಂದು ಬರೆದ ಚೀಲಗಳಲ್ಲಿ ಕೆಲವು ಮಾಮೂಲು ಪ್ಲಾಸ್ಟಿಕ್ಕಿಗೆ ಒಂದು ರಾಸಾಯನಿಕ ಬೆರೆಸಿದಂಥವು. ಬಿಸಿಲು ಗಾಳಿಗೆ ಅವು ಪುಡಿಪುಡಿಯಾಗುತ್ತವೆ, ಮಾಯವಾಗುವುದಿಲ್ಲ. ಆ ಪುಡಿ ಮಣ್ಣಲ್ಲಿ ಪ್ಲಾಸ್ಟಿಕ್ಕಾಗಿಯೇ ಇರುತ್ತದೆ, ಆರಿಸಿ ತೆಗೆಯಲೂ ಆಗುವುದಿಲ್ಲ. ಈ ಬಗೆಯ ಪ್ಲಾಸ್ಟಿಕ್ಕನ್ನು ಯುರೋಪಿನ ಒಕ್ಕೂಟ 2019ರ ಕಾನೂನಿನಲ್ಲಿ ನಿಷೇಧಿಸಿತು. ಇನ್ನು ಕೆಲವು ಮೆಕ್ಕೆಜೋಳದ ಪಿಷ್ಟದಂಥ ವಸ್ತುವಿನಿಂದ ಮಾಡಿದ, ನಿಜವಾಗಿ ಗೊಬ್ಬರವಾಗಬಲ್ಲ ಚೀಲಗಳು. ಅವುಗಳ ಮೇಲೆ ‘ಕಾಂಪೋಸ್ಟಬಲ್’ ಎಂದೂ ಐಎಸ್/ಐಎಸ್‌ಒ 17088 ಎಂಬ ಗುಣಮಟ್ಟದ ಸಂಖ್ಯೆಯೂ ಇರಬೇಕು. ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ಇದು ಸಾಚಾ ಮಾಲು, ಅನುಮಾನವಿಲ್ಲ. ಆದರೆ ಆ ಗುಣಮಟ್ಟದ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಕಾವಿನಲ್ಲಿ, ಅದಕ್ಕೆ ಸಿಗುವ ಅವಧಿ 180 ದಿನ. ದೊಡ್ಡ ಗೊಬ್ಬರ ಕಾರ್ಖಾನೆಯ ರಾಶಿಯಲ್ಲಿ ಅಷ್ಟು ಕಾವು ನಿಲ್ಲುತ್ತದೆ. ನಿಮ್ಮ ಹಿತ್ತಲ ಗುಂಡಿಯಲ್ಲಿ, ಅದೂ ಆಗುಂಬೆಯ ಮಗ್ಗುಲಿನ ಮಳೆಯಲ್ಲಿ, ನಿಲ್ಲುವುದಿಲ್ಲ. ಚೀಲ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಅದೇ ಚೀಲ ಒಣ ಕಸದ ಜೊತೆ ಸೇರಿದರೆ, ಮರುಬಳಕೆಗೆ ಹೋಗುವ ಒಳ್ಳೆಯ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ.

ಆದ್ದರಿಂದ ಕೊಳ್ಳುವಾಗ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ನೋಡಿದರೆ ಸಾಲದು. ಕೆಲಸ ಮುಗಿದ ಮೇಲೆ ಇದು ನಮ್ಮ ಊರಿನಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಬೇಕು. ಹಿತ್ತಲ ಮಣ್ಣಿಗೋ, ಬಚ್ಚಲ ಮೋರಿಗೋ, ಕಸದ ಗಾಡಿಗೋ? ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಸರಿಯಾದ ವಸ್ತು ನಿಮಗೆ ಸರಿಯಾಗಬೇಕೆಂದಿಲ್ಲ. ನಿಮಗೆ ಹಸಿ ಕಸಕ್ಕೆ ಚೀಲವೇ ಬೇಡ. ಅಡುಗೆಮನೆಯಲ್ಲಿ ಒಂದು ಮುಚ್ಚಳದ ಬಕೆಟ್ ಇಡಿ, ಸಂಜೆ ಗೊಬ್ಬರದ ಗುಂಡಿಗೆ ಸುರಿಯಿರಿ, ಮೇಲೊಂದು ಹಿಡಿ ದರಗು ಉದುರಿಸಿ. ದರಗು ಹಾಕುವುದನ್ನು ತಪ್ಪಿಸಬೇಡಿ. ಬರೀ ಅನ್ನ, ಸಿಪ್ಪೆ ಬಿದ್ದರೆ ಗಾಳಿಯಾಡದೆ ನಾರುತ್ತದೆ, ಒಣ ಎಲೆ ಸೇರಿದರೆ ನಾತ ಬರುವುದಿಲ್ಲ. ಮಳೆಗಾಲಕ್ಕೆ ಗುಂಡಿಯ ಮೇಲೆ ಹಳೆಯ ತಗಡೊಂದನ್ನು ಓರೆಯಾಗಿ ಮುಚ್ಚಿ.

ಹಸಿ ಕಸವನ್ನು ಮನೆಯಲ್ಲೇ ತಡೆಯುವುದು ಯಾಕೆ ಇಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಬೆಂಗಳೂರಿನ ಹೊರಗಿನ ಮಂಡೂರಿನ ಕಥೆ ನೋಡಬೇಕು. ನಮ್ಮ ಊರುಗಳ ಮನೆಗಸದಲ್ಲಿ ಅರ್ಧಕ್ಕೂ ಮಿಕ್ಕಿ ಹಸಿಯದೇ. ಅದನ್ನು ಪ್ಲಾಸ್ಟಿಕ್ಕಿನ ಜೊತೆ ಕಟ್ಟಿ ಗುಡ್ಡೆ ಹಾಕಿದರೆ ಒಳಗೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಹುಟ್ಟುತ್ತದೆ, ಕಪ್ಪು ನೀರು ಇಳಿದು ಬಾವಿಗಳಿಗೆ ಸೇರುತ್ತದೆ. ಬೆಂಗಳೂರಿನ ಕಸ ಬೀಳುತ್ತಿದ್ದ ಮಾವಳ್ಳಿಪುರದ ಗುಡ್ಡೆ 2012ರಲ್ಲಿ ಮುಚ್ಚಿದ ಮೇಲೆ ನಗರದ ಕಸದ ಭಾರ ಮಂಡೂರಿನ ಮೇಲೆ ಬಿತ್ತು. ಅಲ್ಲಿಯ ಜನ 2014ರಲ್ಲಿ ಲಾರಿಗಳನ್ನು ತಡೆದು ಕೂತರು. ಅವರು ಉಣ್ಣದ ಊಟದ ಎಂಜಲನ್ನು ಅವರ ಬಾವಿಗೆ ಸುರಿದಂತಾಗಿತ್ತು. ಅವರ ಸಿಟ್ಟಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಹಸಿಗೊಂದು ಡಬ್ಬಿ, ಪ್ಯಾಡು ಡೈಪರಿಗೆ ಇನ್ನೊಂದು, ಒಣ ಕಸಕ್ಕೊಂದು ಚೀಲ ಎಂಬ ಪದ್ಧತಿಯನ್ನು ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಕಡ್ಡಾಯ ಮಾಡಿದ್ದು ಇಂಥ ಹೋರಾಟಗಳ ನಂತರ.

ಇನ್ನು ಸೋಪು. ನಿಮ್ಮ ಬಚ್ಚಲ ನೀರು, ಪಾತ್ರೆ ತೊಳೆದ ನೀರು ಬಹುಶಃ ಕೆಸುವಿನ ಗಿಡಕ್ಕೋ ಬಾಳೆ ಬುಡಕ್ಕೋ ಹೋಗುತ್ತದೆ. ಹಾಗಿದ್ದರೆ ನೀವು ನೋಡಬೇಕಾದ್ದು ಉಪ್ಪಿನಂಶ. ಅಗ್ಗದ ಬಟ್ಟೆ ಪುಡಿಗಳಲ್ಲಿ ತೂಕ ಹೆಚ್ಚಿಸಲು, ಕೊಳೆ ತೆಗೆಯಲು ಸೋಡಿಯಂ ಲವಣಗಳನ್ನು ಧಾರಾಳವಾಗಿ ಸುರಿದಿರುತ್ತಾರೆ. ವರ್ಷಾನುಗಟ್ಟಲೆ ಅದೇ ಜಾಗಕ್ಕೆ ಹೋದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಲಿಕ್ವಿಡ್‌ಗಳಲ್ಲಿ ಸಾಮಾನ್ಯವಾಗಿ ಈ ಉಪ್ಪು ಕಡಿಮೆ. ಫಾಸ್ಫೇಟ್ ಇಲ್ಲ ಎಂದು ಬರೆದ ಪುಡಿ ಸಿಕ್ಕರೆ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ನೀರಿಗೆ ಸೇರಿದ ಫಾಸ್ಫೇಟ್ ಪಾಚಿಗೂ ಅಂತರಗಂಗೆಗೂ ಗೊಬ್ಬರ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಶುದ್ಧಗೊಳ್ಳದ ಚರಂಡಿ ನೀರಿನ ಜೊತೆ ಮನೆಮನೆಯ ಸೋಪು ಹರಿದು ಬಂದದ್ದು ಆ ನೊರೆಯ ಒಂದು ಮುಖ್ಯ ಕಾರಣ. ಅದರಲ್ಲಿ ಪುಡಿಯ ದೋಷಕ್ಕಿಂತ ನೀರು ಶುದ್ಧ ಮಾಡದ ವ್ಯವಸ್ಥೆಯ ದೋಷ ಹೆಚ್ಚು ಎಂದೇ ನಾನು ಹೇಳುತ್ತೇನೆ.

ಸರ್ಕಾರದ್ದೇ ಒಂದು ಗುರುತು ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. 1991ರಲ್ಲಿ ಶುರುವಾದ ‘ಇಕೋಮಾರ್ಕ್’. ಅದರ ಚಿಹ್ನೆ ಮಣ್ಣಿನ ಮಡಕೆ. ಸಾಬೂನಿನಿಂದ ಬಣ್ಣದವರೆಗೆ ಹಲವು ಬಗೆಯ ಸಾಮಾನಿಗೆ ಅದರಲ್ಲಿ ಮಾನದಂಡ ಇದೆ. ತಯಾರಕರು ಅದರ ಗೋಜಿಗೆ ಹೋಗಿದ್ದು ತೀರಾ ಕಡಿಮೆ. 2024ರಲ್ಲಿ ಹೊಸ ನಿಯಮಗಳೊಂದಿಗೆ ಅದಕ್ಕೆ ಮತ್ತೆ ಜೀವ ಕೊಟ್ಟಿದ್ದಾರೆ. ಮಡಕೆಯ ಗುರುತು ಕಂಡರೆ ನಂಬಬಹುದು. ಹಸಿರು ಎಲೆಯ ಚಿತ್ರ, ‘ನ್ಯಾಚುರಲ್’ ಎಂಬ ಮಾತು ಯಾರು ಬೇಕಾದರೂ ಹಾಕಿಕೊಳ್ಳುವಂಥದ್ದು.

ಇಷ್ಟಾಗಿಯೂ, ನಿಮ್ಮ ಕಡೆಯವರಿಗೆ ಎಲ್ಲಕ್ಕಿಂತ ಒಳ್ಳೆಯದು ಅಂಟುವಾಳ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಯ ಸಿಪ್ಪೆಯನ್ನು ರಾತ್ರಿ ಒಂದು ಲೀಟರ್ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಹಿಸುಕಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ. ತೆಳು ಬೆಲ್ಲದ ಬಣ್ಣದ, ಹುಳಿವಾಸನೆಯ ನೀರು ಬರುತ್ತದೆ. ಸೋಪಿನಷ್ಟು ನೊರೆ ಕಾಣದಿದ್ದರೆ ಗಾಬರಿಬೇಡ, ನೊರೆಗೂ ಶುಚಿಗೂ ಅಂಥ ನಂಟೇನಿಲ್ಲ. ಪಾತ್ರೆಗೆ, ರೇಷ್ಮೆ ಮತ್ತು ಉಣ್ಣೆ ಬಟ್ಟೆಗೆ, ನೆಲ ಒರೆಸಲು ಸೊಗಸಾಗಿ ಆಗುತ್ತದೆ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಕೆಡುತ್ತದೆ, ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ. ಗದ್ದೆ ಕೆಲಸದ ಕೆಸರು ಬಟ್ಟೆಗೆ, ಎಣ್ಣೆ ಜಿಡ್ಡಿನ ಬಾಣಲೆಗೆ ಇದು ಸಾಲದು. ಅಲ್ಲಿಗೆ ಸೋಪೇ ಬೇಕು, ಅದರಲ್ಲಿ ಸಂಕೋಚ ಬೇಡ. ಒಂದು ಎಚ್ಚರ ಮಾತ್ರ ಅಗತ್ಯ: ಅಂಟುವಾಳದ ನೊರೆ ಮಾಡುವ ಸ್ಯಾಪೊನಿನ್ ಮೀನಿನ ಕಿವಿರಿಗೆ ವಿಷ. ಕಾರೆಕಾಯಿ ಜಜ್ಜಿ ಹಳ್ಳಕ್ಕೆ ಹಾಕಿ ಮೀನು ಹಿಡಿಯುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ, ಅಲ್ಲಿ ಕೆಲಸ ಮಾಡುತ್ತಿದ್ದುದೂ ಅದೇ ಜಾತಿಯ ವಸ್ತು. ಮಣ್ಣಿಗೆ ಬಿದ್ದರೆ ಬೇಗ ಕರಗಿಹೋಗುತ್ತದೆ, ಆದರೆ ತುಂಗೆಯಲ್ಲೋ ಕೆರೆಯಲ್ಲೋ ನಿಂತು ಬಟ್ಟೆಗೆ ಹಚ್ಚಬೇಡಿ. ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನುಗಳು ನಿಮ್ಮೂರಿನ ಪಕ್ಕದಲ್ಲೇ ಇವೆ.

ಕಕ್ಕಸು ತೊಳೆಯುವ ಆಸಿಡ್ ಕೊಳ್ಳುವುದನ್ನು ಆದಷ್ಟು ಕಡಿಮೆ ಮಾಡಿ. ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆ ಕರಗಿಸುವ ಜೀವಾಣುಗಳನ್ನೇ ಅದು ಕೊಲ್ಲುತ್ತದೆ. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದೂ ಒಟ್ಟಿಗೆ ಹಾಕಬೇಡಿ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಏಳುವ ಕ್ಲೋರಿನ್ ಗಾಳಿ ಶ್ವಾಸಕೋಶವನ್ನು ಸುಡುತ್ತದೆ.

ಗಾಡಿಯಲ್ಲಿ ಎಲ್ಲ ಒಂದಾಗುತ್ತದೆ ಎಂಬ ನಿಮ್ಮ ಬೇಸರ ಬಹಳ ಜನರದ್ದು, ಕೆಲವೆಡೆ ನಿಜವೂ ಹೌದು. ಹಾಗೆ ಕಂಡರೆ ಪಂಚಾಯಿತಿಗೆ ಲಿಖಿತ ದೂರು ಕೊಡಿ, ಕೊಡಲೇಬೇಕು. ಆದರೆ ನಿಮ್ಮ ಹಸಿ ಕಸ ಹಿತ್ತಲಲ್ಲೇ ಮುಗಿದರೆ ಗಾಡಿಯಲ್ಲಿ ಬೆರೆಯಲು ನಿಮ್ಮದು ಒಣಗಿದ್ದಷ್ಟೇ ಉಳಿಯುತ್ತದೆ. ಒಣ ಕಸ ಎಷ್ಟು ಬೆರೆತರೂ ಮತ್ತೆ ಬಿಡಿಸಬಹುದು. ಎಂಜಲು ತಾಗಿದ ಕಾಗದವನ್ನು ಯಾರೂ ಬಿಡಿಸಲಾರರು.

ಗ್ರಾಮ ಪಂಚಾಯಿತಿಗಳ ‘ಸ್ವಚ್ಛ ಸಂಕೀರ್ಣ’ದಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೂತು ಈ ಬಿಡಿಸುವ ಕೆಲಸ ಮಾಡುತ್ತಾರೆ. ಒಮ್ಮೆ ಹೋಗಿ ನೋಡಿ. ನೀರಿನ ಬಾಟಲಿಯ ಪ್ಲಾಸ್ಟಿಕ್ ಬೇರೆ, ಅದರ ಮುಚ್ಚಳದ್ದು ಬೇರೆ. ಹಾಲಿನ ಕವರ್ ಬೇರೆ, ಚಿಪ್ಸ್ ಪೊಟ್ಟಣ ಬೇರೆ. ಕೈಯಲ್ಲಿ ಹಿಸುಕಿದಾಗ ಬರುವ ಸದ್ದಿನಿಂದಲೇ ಪಳಗಿದವರು ಯಾವುದು ಯಾವ ಮೂಟೆಗೆ ಎಂದು ಎಸೆಯುತ್ತಾರೆ. ಹಾಲಿನ ಕವರಿಗೆ ಒಳ್ಳೆಯ ಬೆಲೆ ಇದೆ, ತೊಳೆದು ಒಣಗಿಸಿದ್ದರೆ. ತೊಳೆಯದಿದ್ದರೆ ಎರಡೇ ದಿನದಲ್ಲಿ ಹುಳ ಬಿದ್ದು, ಆ ಮೂಟೆ ಬಿಚ್ಚುವ ಹೆಂಗಸು ಮೂಗು ಮುಚ್ಚಿಕೊಂಡು ಕೆಲಸ ಮಾಡಬೇಕು. ಕವರಿನ ಮೂಲೆ ಕತ್ತರಿಸುವಾಗ ತುದಿಯನ್ನು ಪೂರ್ತಿ ತುಂಡು ಮಾಡದೆ ಅಂಟಿಕೊಂಡೇ ಇರಲು ಬಿಡಿ. ಆ ಚಿಕ್ಕ ತ್ರಿಕೋನವನ್ನು ಯಾರೂ ಆರಿಸುವುದಿಲ್ಲ, ಅದು ಸೀದಾ ಮಣ್ಣಿಗೆ ಹೋಗುತ್ತದೆ.

ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆಗಳ ವಿಷಯ ಕಷ್ಟ. ಪ್ಲಾಸ್ಟಿಕ್ಕಿನ ಹಲವು ಪದರಗಳನ್ನೋ, ಪ್ಲಾಸ್ಟಿಕ್ಕಿನ ಜೊತೆ ಅಲ್ಯೂಮಿನಿಯಮ್ಮನ್ನೋ ಅಂಟಿಸಿ ಮಾಡಿದ್ದನ್ನು ಬಿಡಿಸುವುದು ಅಸಾಧ್ಯವೆಂಬಷ್ಟು ಕಷ್ಟ, ಗುಜರಿಯವರೂ ಮುಟ್ಟುವುದಿಲ್ಲ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿರುವಂಥ ದೊಡ್ಡ ಘಟಕಗಳು ಹಲವು ಪಂಚಾಯಿತಿಗಳ ಒಣ ಕಸವನ್ನು ತಂದು ವಿಂಗಡಿಸುತ್ತವೆ. ಇಂಥ ಘಟಕಗಳಲ್ಲಿ ಕೊನೆಗೆ ಉಳಿಯುವ ಈ ಬಗೆಯ ಪೊಟ್ಟಣಗಳು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತವೆ. ಅಲ್ಲಿನ ಕಾವು 1,400 ಡಿಗ್ರಿ ದಾಟುತ್ತದೆ. ಹಾಗಾಗಿ ಇದನ್ನು ತಂದ ಮೇಲೆ ಏನು ಮಾಡಲಿ ಎಂದು ಕೇಳುವುದಕ್ಕಿಂತ ತರುವುದನ್ನೇ ತಗ್ಗಿಸುವುದು ಲೇಸು. ಸ್ಯಾಶೆ ಮಾಲೆಯ ಬದಲು ಒಂದು ದೊಡ್ಡ ಬಾಟಲಿ, ಪೊಟ್ಟಣದ ಚಿಪ್ಸ್ ಬದಲು ಬೇಕರಿಯಲ್ಲಿ ಡಬ್ಬಿ ಕೊಟ್ಟು ತುಂಬಿಸಿದ ಬಾಳೆಕಾಯಿ ಚಿಪ್ಸ್.

ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಕಕ್ಕಸಿಗೂ ಬೇಡ, ಗುಂಡಿಗೂ ಬೇಡ. ಒಗ್ಗುವುದಾದರೆ ಮುಟ್ಟಿನ ಕಪ್ ಹಲವು ವರ್ಷ ಬಾಳಿಕೆ ಬರುತ್ತದೆ. ಕೇರಳದ ಕುಂಬಳಂಗಿಯಲ್ಲಿ 2022ರಲ್ಲಿ ಊರಿನ ಹೆಣ್ಣುಮಕ್ಕಳಿಗೆ ಅದನ್ನೇ ಹಂಚಿದರು. ಸುಟ್ಟ ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸ ಇದೆ, ಒಡೆಯದಂತೆ ರಟ್ಟಿನಲ್ಲಿ ಸುತ್ತಿಡಿ. ಅವನ್ನೂ ರಿಮೋಟಿನ ಸೆಲ್ಲು, ಹಳೆಯ ಚಾರ್ಜರ್, ಅಡಿಕೆಗೆ ಹೊಡೆದ ಔಷಧಿಯ ಖಾಲಿ ಡಬ್ಬಿಯನ್ನೂ ಒಂದೊಂದಾಗಿ ಗಾಡಿಗೆ ಹಾಕದೆ ಕೊಟ್ಟಿಗೆಯ ಮೇಲಿನ ಅಟ್ಟದಲ್ಲಿ, ಮಕ್ಕಳ ಕೈಗೆ ಸಿಗದಂತೆ, ಬೇರೆ ಬೇರೆ ಡಬ್ಬಿಗಳಲ್ಲಿ ಕೂಡಿಡಿ. ಈ ಸಲ ಗಾಡಿ ಬಂದಾಗ ಅದನ್ನು ಓಡಿಸುವವರನ್ನೇ ಕೇಳಿ, ಇಂಥವನ್ನು ಯಾವ ದಿನ ತೆಗೆದುಕೊಳ್ಳುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ ಎಂದು. ಅವರಲ್ಲಿ ಉತ್ತರ ಇಲ್ಲದಿದ್ದರೆ ಅದೇ ಪ್ರಶ್ನೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಿ.