ಕಟ್ಟಡ ಬೀಳಲಿಲ್ಲ, ಆಸ್ಪತ್ರೆ ನಿಂತುಹೋಯ್ತು

ಭೂಕಂಪದಲ್ಲಿ ಆಸ್ಪತ್ರೆ ಬೀಳದಿದ್ದರೆ ಸಾಕಾ? ಸಾಲದು ಅನ್ನೋದಕ್ಕೆ ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆ ಒಳ್ಳೆಯ ಉದಾಹರಣೆ.

1971ರ ಸ್ಯಾನ್ ಫರ್ನಾಂಡೋ ಭೂಕಂಪದ ಹೊತ್ತಿಗೆ ಅದು ಹೊಚ್ಚ ಹೊಸ ಕಟ್ಟಡ. ಆದರೂ ಕೆಳಮಹಡಿಯ ಕಂಬಗಳು ಮುರಿದವು, ಮೆಟ್ಟಿಲ ಗೋಪುರಗಳು ಉರುಳಿದವು. ಅದನ್ನು ಕೆಡವಿ, ಉಕ್ಕು ಮತ್ತು ಕಾಂಕ್ರೀಟಿನ ಗೋಡೆಗಳಿಂದ ಬಲು ಗಟ್ಟಿಯಾಗಿ ಮತ್ತೆ ಕಟ್ಟಿದರು.

1994ರ ಜನವರಿ 17, ನಾರ್ತ್‌ರಿಡ್ಜ್ ಭೂಕಂಪ. ಈ ಸಲ ಕಂಬ, ಗೋಡೆ ಎಲ್ಲ ಗಟ್ಟಿಯಾಗಿ ನಿಂತವು. ಆದ್ರೆ ಸ್ಪ್ರಿಂಕ್ಲರ್ ಮತ್ತು ಎಸಿ ನೀರಿನ ಪೈಪುಗಳು ಒಡೆದು ಒಳಗೆಲ್ಲ ನೀರು. ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು.

ಯಾಕೆ ಹೀಗಾಯ್ತು? ಗಡುಸು ಕಟ್ಟಡ ಬಾಗುವುದು ಕಡಿಮೆ, ಆದರೆ ನೆಲದ ವೇಗೋತ್ಕರ್ಷವನ್ನು ಮೇಲಿನ ಮಹಡಿಗಳಿಗೆ ಹೆಚ್ಚಿಸಿ ಕೊಡುತ್ತದೆ. ಅಲ್ಲಿ ನೆಲದಲ್ಲಿ ಸುಮಾರು 0.9 ಜಿ ಇದ್ದದ್ದು ಚಾವಣಿಯಲ್ಲಿ 2 ಜಿ ದಾಟಿತ್ತು. ಬಲ ಅಂದ್ರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಅಲ್ವಾ? ಪೈಪು, ಟ್ಯಾಂಕುಗಳ ಮೇಲೆ ಬಿದ್ದದ್ದು ಅದೇ ಬಲ.

ಅದೇ ದಿನ ಲಾಸ್ ಏಂಜಲೀಸ್‌ನ ಯುಎಸ್‌ಸಿ ಆಸ್ಪತ್ರೆ ಕೆಲಸ ನಿಲ್ಲಿಸಲಿಲ್ಲ. ಅಲ್ಲಿ ನೆಲದ ಅಲುಗಾಟವೇ ಕಡಿಮೆಯಿತ್ತು, ನಿಜ. ಆದರೆ ಅಡಿಪಾಯದ ಮೇಲಿದ್ದ ರಬ್ಬರ್ ಬೇರಿಂಗ್‌ಗಳಿಂದಾಗಿ ಚಾವಣಿಗೆ ಅದರ ಅರ್ಧದಷ್ಟೂ ತಲುಪಲಿಲ್ಲ. 2001ರಲ್ಲಿ ಕುಸಿದ ಭುಜ್ ಆಸ್ಪತ್ರೆಯನ್ನೂ ಮುಂದೆ ಇಂಥ ಬೇರಿಂಗ್‌ಗಳ ಮೇಲೆಯೇ ಕಟ್ಟಿದರು.

ಬೇರಿಂಗ್ ದುಬಾರಿ. ಪೈಪಿಗೆ ಬ್ರೇಸಿಂಗ್, ಜನರೇಟರ್‌ಗೆ ಆಂಕರ್ ಬೋಲ್ಟ್, ಸಿಲಿಂಡರ್‌ಗೆ ಸರಪಳಿ ಹಾಕೋಕೆ ಅಷ್ಟು ಖರ್ಚಿಲ್ಲ. ಕಂಬ ಸಿವಿಲ್‌ನವರದ್ದು, ಪೈಪು ಮೆಕ್ಯಾನಿಕಲ್‌ನವರದ್ದು, ಜನರೇಟರ್ ಎಲೆಕ್ಟ್ರಿಕಲ್‌ನವರದ್ದು. ಇವರಲ್ಲಿ ಒಬ್ಬರು ಮರೆತರೂ ಆಸ್ಪತ್ರೆ ಬಾಗಿಲು ಹಾಕುತ್ತೆ.