ಮೊದಲು ಬೂಟು, ಆಮೇಲೆ ಹಲಗೆ

ಧಾರವಾಡದಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಓದುತ್ತಿದ್ದಾನೆ. ರಜೆ ಸಿಕ್ಕಾಗಲೆಲ್ಲ ಗೆಳೆಯರೊಂದಿಗೆ ಆಲ್ಪ್ಸ್ ಪರ್ವತಕ್ಕೆ ಹೋಗಿ ಸ್ನೋಬೋರ್ಡ್ ಆಡುತ್ತಾನೆ. ಕಳೆದ ಚಳಿಗಾಲದಲ್ಲಿ ಬಿದ್ದು ಎಡಗಾಲಿನ ಹರಡು ಊದಿಕೊಂಡಿತು. ಎಕ್ಸ್-ರೇ ನೋಡಿ ಬರೀ ಉಳುಕು ಎಂದು ಹೇಳಿ ಕಳಿಸಿದರು. ಮೂರು ತಿಂಗಳಾದರೂ ನೋವು ಹೋಗಲಿಲ್ಲ. ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಮೂಳೆ ಬಿರುಕು ಬಿಟ್ಟಿದ್ದು ಗೊತ್ತಾಯಿತು. ಈಗ ವಾಸಿಯಾಗಿದೆಯಂತೆ. "ಈ ಸಲ ಮೆತ್ತನೆಯ ಬೂಟು ಬೇಡ, ಗಟ್ಟಿ ಬೂಟು ಹಾಕಿಕೊಂಡರೆ ಹರಡಿಗೆ ಏನೂ ಆಗುವುದಿಲ್ಲ ಅನ್ನುತ್ತಾನೆ. ಗೆಳೆಯನೊಬ್ಬ ತನ್ನ ಹಳೆಯ ಬೂಟು, ಹಲಗೆ ಎರಡನ್ನೂ ಅಗ್ಗಕ್ಕೆ ಕೊಡುತ್ತಾನಂತೆ. ಬೂಟು ಸ್ವಲ್ಪ ದೊಡ್ಡದು, ಎರಡು ಕಾಲುಚೀಲ ಹಾಕಿಕೊಂಡರೆ ಸರಿಹೋಗುತ್ತದಂತೆ. ಇದು ನಿಜವೇ ಡಾಕ್ಟರೇ?" ಎಂದು ಆ ತಾಯಿ ಕೇಳಿದ್ದಾರೆ.

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಹಿಮ ಬೀಳುವ ದೇಶಗಳಲ್ಲಿದ್ದಾರೆ. ಆದ್ದರಿಂದ ಈ ಪತ್ರಕ್ಕೆ ಇಲ್ಲಿಯೇ ವಿವರವಾಗಿ ಉತ್ತರಿಸುತ್ತೇನೆ.

ಸ್ನೋಬೋರ್ಡ್ ಎಂದರೆ ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಷರ್ಮನ್ ಪಾಪೆನ್ ಎಂಬುವರು ತಮ್ಮ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಕಟ್ಟಿಕೊಟ್ಟ ಆಟಿಕೆ ಇದರ ಮೂಲಗಳಲ್ಲೊಂದು. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ಗೆ ಇದು ಸೇರ್ಪಡೆಯಾಯಿತು. ಇದರಲ್ಲಿ ಎರಡು ಪಂಗಡಗಳಿವೆ. ಹೆಚ್ಚಿನವರು ಮೆತ್ತನೆಯ ಬೂಟು, ಅಗಲವಾದ ಹಲಗೆ ಬಳಸುತ್ತಾರೆ. ಇನ್ನೊಂದು ಆಲ್ಪೈನ್ ಸ್ನೋಬೋರ್ಡ್. ಇದರಲ್ಲಿ ಬೂಟು ಗಟ್ಟಿ ಪ್ಲಾಸ್ಟಿಕ್‌ನದು, ಹಲಗೆ ಕಿರಿದು, ಉದ್ದ ಮತ್ತು ಬಿಗಿ. ಯಂತ್ರದಿಂದ ಹದಮಾಡಿದ ಗಟ್ಟಿ ಹಿಮದ ಮೇಲೆ ಹಲಗೆಯ ಅಂಚಿನಿಂದ ಗೆರೆ ಕೊರೆಯುತ್ತಾ ತಿರುಗುವುದೇ ಇದರ ಸೊಗಸು. ಆ ಹುಡುಗ ಹೋಗಬೇಕೆಂದಿರುವುದು ಈ ದಾರಿಗೆ.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಮೆತ್ತನೆಯ ಬೂಟಿನಲ್ಲಿ ಹರಡಿನ ಕೀಲು ಬಹಳಷ್ಟು ಬಾಗುತ್ತದೆ. ಎಗರಿ ಇಳಿಯುವಾಗ ಪಾದ ಮೇಲಕ್ಕೆ ಬಾಗಿ, ಜೊತೆಗೆ ಪಕ್ಕಕ್ಕೂ ಹೊರಳಿದರೆ ಟೇಲಸ್ ಎಂಬ ಮೂಳೆಯ ಹೊರಮೂಲೆ ಸೀಳಬಹುದು. ವೈದ್ಯರಲ್ಲಿ ಇದಕ್ಕೆ 'ಸ್ನೋಬೋರ್ಡಿಗರ ಮುರಿತ' ಎಂಬ ಹೆಸರೇ ಇದೆ. ಇದು ಮೋಸಗಾರ ಮುರಿತ. ನೋವು, ಊತ ಎಲ್ಲ ಉಳುಕಿನಂತೆಯೇ ಇರುತ್ತದೆ. ಸಾಮಾನ್ಯ ಎಕ್ಸ್-ರೇಯಲ್ಲಿ ಹಲವು ಸಲ ಕಾಣುವುದೇ ಇಲ್ಲ. ಹರಡಿನ ಹೊರಗಂಟಿನ ಸ್ವಲ್ಪ ಕೆಳಗೆ, ಮುಂಭಾಗದಲ್ಲಿ ಬೆರಳಿನಿಂದ ಒತ್ತಿದರೆ ಜೀವ ಹೋಗುವಂತೆ ನೋಯುತ್ತಿದ್ದರೆ ಮತ್ತು ಹಲಗೆಯ ಮೇಲೆ ಬಿದ್ದ ಇತಿಹಾಸವಿದ್ದರೆ, ಸಿ.ಟಿ. ಸ್ಕ್ಯಾನ್ ಬೇಕೇ ಎಂದು ಕೇಳಲು ಸಂಕೋಚಪಡಬಾರದು. ಅಲಕ್ಷಿಸಿದರೆ ಆ ಕೀಲಿಗೆ ಚಿಕ್ಕ ವಯಸ್ಸಿನಲ್ಲೇ ಸಂಧಿವಾತ ಅಂಟಿಕೊಳ್ಳುತ್ತದೆ.

ಗಟ್ಟಿ ಬೂಟು ಹರಡನ್ನು ಹಿಡಿದಿಡುತ್ತದೆ, ಸರಿ. ಆದರೆ ಬಿದ್ದಾಗಿನ ಬಲ ಮಾಯವಾಗುವುದಿಲ್ಲವಲ್ಲ! ಅದು ಮೇಲಕ್ಕೆ, ಕಣಕಾಲಿನ ಮೂಳೆಗೆ ಮತ್ತು ಮಂಡಿಗೆ ಸಾಗುತ್ತದೆ. ಎಷ್ಟು ಸಾಗುತ್ತದೆ ಎಂಬುದು ಬೂಟು ಕಾಲಿಗೆ ಹೇಗೆ ಕೂತಿದೆ, ಪಾದಗಳನ್ನು ಹಲಗೆಗೆ ಯಾವ ಕೋನದಲ್ಲಿ ಹಿಡಿಸಿದ್ದಾರೆ ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಅಂಗಡಿಗೆ ಹೋದ ತರುಣರು ಮೊದಲು ಬಣ್ಣಬಣ್ಣದ ಹಲಗೆ ಆರಿಸಿ, ಉಳಿದ ಹಣದಲ್ಲಿ ಬೂಟು ಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ತಲೆಕೆಳಗಾದ ಲೆಕ್ಕ.

ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರ್‌ನಲ್ಲಿರುತ್ತದೆ. ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಹೆಬ್ಬೆರಳ ತುದಿಯವರೆಗೆ ಅಳೆದರೆ ಮುಗಿಯಿತು. 26.5 ಬಂದರೆ ಬೂಟೂ 26.5 ಅಥವಾ ಅದರ ಆಸುಪಾಸು. ಇನ್ನೊಂದು ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಬೂಟಿನ ಒಳಗಿನ ಮೆತ್ತೆಯನ್ನು ಹೊರತೆಗೆದು, ಬರಿಯ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಟ್ಟು, ಬೆರಳುಗಳನ್ನು ಮುಂದಿನ ತುದಿಗೆ ತಾಗಿಸಿ ನಿಲ್ಲಬೇಕು. ಹಿಮ್ಮಡಿಯ ಹಿಂದೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಉಳಿದರೆ ಸರಿ. ಎರಡು ಸೆಂಟಿಮೀಟರ್ ಮೀರಿದರೆ ಆ ಬೂಟು ದೊಡ್ಡದು, ಎಷ್ಟೇ ಅಗ್ಗವಾದರೂ ಬೇಡ. ದೊಡ್ಡ ಬೂಟಿನಲ್ಲಿ ಹಿಮ್ಮಡಿ ಮೇಲೇಳುತ್ತದೆ, ಪಾದ ಒಳಗೇ ತಿರುಚುತ್ತದೆ. ಅದನ್ನು ತಡೆಯಲು ಬಕಲ್‌ಗಳನ್ನು ಬಿಗಿದರೆ ರಕ್ತಸಂಚಾರ ಕುಂಠಿತವಾಗಿ ಬೆರಳು ಮರಗಟ್ಟುತ್ತವೆ. ಇನ್ನು ಎರಡು ಕಾಲುಚೀಲದ ವಿಚಾರ: ಒಂದರ ಮೇಲೊಂದು ಹಾಕಿದ ಚೀಲಗಳು ಉಜ್ಜಿ ಗುಳ್ಳೆ ಏಳಿಸುತ್ತವೆ, ಮಡಿಕೆ ಬಿದ್ದಲ್ಲಿ ಹುಣ್ಣಾಗುತ್ತದೆ, ಕಾಲು ಬೆಚ್ಚಗೂ ಇರುವುದಿಲ್ಲ. ತೆಳುವಾದ ಒಂದೇ ಚೀಲ ಸಾಕು.

ಮೆತ್ತೆ ಹಾಕಿ, ಬಕಲ್ ಬಿಗಿದು ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ಹಗುರವಾಗಿ ತಾಗಬೇಕು. ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಅಂಗಡಿಯಲ್ಲೇ ಅರ್ಧ ಗಂಟೆ ಹಾಕಿಕೊಂಡಿರಿ. ಸ್ಕೀ ಆಟದ ಬೂಟು ಮನೆಯಲ್ಲಿದೆ, ಅದೇ ಸಾಕು ಎಂದುಕೊಳ್ಳಬೇಡಿ. ಅದರ ಬಿಗಿತ ಬೇರೆ, ಹಿಮ್ಮಡಿಯ ಆಕಾರವೂ ಬೇರೆ. ಹಳೆಯ ಬೂಟಿನಲ್ಲಿ ಇನ್ನೊಂದು ಅಪಾಯವಿದೆ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ನೋಡಲು ಹೊಸದರಂತಿದ್ದ ಚಿಪ್ಪು ವೇಗದಲ್ಲಿ ತಿರುಗುವಾಗ ಒಡೆದರೆ ಗತಿಯೇನು?

ಬೂಟನ್ನು ಹಲಗೆಗೆ ಹಿಡಿಸುವ ಲೋಹದ ಜೋಡಣೆಗೆ ಬೈಂಡಿಂಗ್ ಎನ್ನುತ್ತಾರೆ. ಸ್ಕೀಯಲ್ಲಿ ಬಿದ್ದಾಗ ಇದು ತಾನಾಗಿ ಕಳಚಿಕೊಳ್ಳುತ್ತದೆ, ಸ್ನೋಬೋರ್ಡ್‌ನಲ್ಲಿ ಸಾಮಾನ್ಯವಾಗಿ ಕಳಚುವುದಿಲ್ಲ. ಕಾರಣವಿದೆ: ಒಂದು ಕಾಲು ಬಿಡಿಸಿಕೊಂಡು ಇನ್ನೊಂದು ಸಿಕ್ಕಿಕೊಂಡಿದ್ದರೆ ಇಡೀ ಹಲಗೆ ಸನ್ನೆಗೋಲಿನಂತೆ ಆ ಒಂದು ಮಂಡಿಯನ್ನು ತಿರುಚಿಬಿಡುತ್ತದೆ. ಹಾಗಾಗಿ ಮುಂದಿನ ಕೊಂಡಿ ಬಿಗಿಯಾಗಿ ಕೂರುವಂತೆ ಅದರ ಉದ್ದವನ್ನು ಬೂಟಿನ ತಳಕ್ಕೆ ಸರಿಹೊಂದಿಸಲೇಬೇಕು. ಸ್ಕ್ರೂಗಳನ್ನು ಮೊದಲ ಎರಡು ಜಾರಾಟದ ನಂತರ ಮತ್ತೆ ಬಿಗಿಯಿರಿ.

ಯಾವ ಕಾಲು ಮುಂದೆ? ನುಣುಪಾದ ನೆಲದ ಮೇಲೆ ಕಾಲುಚೀಲದಲ್ಲಿ ಓಡಿಬಂದು ಜಾರಿ ನೋಡಿ. ತಾನಾಗಿ ಮುಂದೆ ಬರುವ ಕಾಲೇ ಬಹುತೇಕ ಸರಿಯಾದದ್ದು.

ಕೋನದ ಮಾತಿಗೆ ಬರೋಣ. ಪಾದ ಹಲಗೆಗೆ ಅಡ್ಡಲಾಗಿದ್ದರೆ ಸೊನ್ನೆ ಡಿಗ್ರಿ. ಮೆತ್ತನೆಯ ಬೂಟಿನವರು ಇದರ ಹತ್ತಿರವೇ ನಿಲ್ಲುತ್ತಾರೆ. ಆಲ್ಪೈನ್ ಹಲಗೆಯ ನಡು ಸುಮಾರು 18ರಿಂದ 22 ಸೆಂಟಿಮೀಟರ್ ಮಾತ್ರ. ಅಡ್ಡ ನಿಂತರೆ ಬೂಟಿನ ತುದಿ ಹೊರಚಾಚಿ, ಹಲಗೆ ವಾಲಿದಾಗ ಹಿಮಕ್ಕೆ ಉಜ್ಜಿ, ಅಂಚು ಹಿಡಿತ ತಪ್ಪಿ ಬೀಳುತ್ತಾರೆ. ಆದ್ದರಿಂದ ಎರಡೂ ಪಾದಗಳು ಮುಂದಕ್ಕೆ ತಿರುಗಿರುತ್ತವೆ, ಸಾಮಾನ್ಯವಾಗಿ 50ರಿಂದ 65 ಡಿಗ್ರಿ. ಹೊಸಬರು ತುಸು ಅಗಲದ ಹಲಗೆಯಲ್ಲಿ 45ರಿಂದ 50ಕ್ಕೆ ಆರಂಭಿಸುವುದು ಒಳ್ಳೆಯದು. ಹಿಂಗಾಲಿನ ಕೋನ ಮುಂಗಾಲಿನಷ್ಟೇ ಅಥವಾ ನಾಲ್ಕೈದು ಡಿಗ್ರಿ ಕಡಿಮೆ ಇರಲಿ. ಅಂತರ ಹೆಚ್ಚಾದರೆ ಹಿಂಗಾಲಿನ ಮಂಡಿ ಒಂದು ಕಡೆ, ಪಾದ ಇನ್ನೊಂದು ಕಡೆ ಎಳೆಯುತ್ತವೆ. ಸಂಜೆಗೆ ಮಂಡಿಯ ಒಳಬದಿ ನೋಯತೊಡಗುತ್ತದೆ. ಪಾದಗಳ ನಡುವಿನ ದೂರ ವಯಸ್ಕರಿಗೆ 45ರಿಂದ 50 ಸೆಂಟಿಮೀಟರ್ ಸುಮಾರಿಗೆ ಸಾಕು. ಮುಂದಿನ ಪಾದದ ಬೆರಳ ಕಡೆ, ಹಿಂದಿನ ಪಾದದ ಹಿಮ್ಮಡಿಯ ಕಡೆ ಸ್ವಲ್ಪ ಎತ್ತರಿಸುವ ತುಂಡುಗಳನ್ನು ಇಟ್ಟರೆ ಮಂಡಿಗಳು ಸಹಜವಾಗಿ ಬಾಗುತ್ತವೆ. ಹಿಂಗಾಲಿನ ಬೂಟನ್ನು ಮುಂಗಾಲಿನದಕ್ಕಿಂತ ತುಸು ಮುಂದಕ್ಕೆ ವಾಲಿಸಿ ಲಾಕ್ ಮಾಡುವುದೂ ಇದಕ್ಕಾಗಿಯೇ. ಮನೆಯಲ್ಲಿ ಜಮಖಾನೆಯ ಮೇಲೆ ಹಲಗೆ ಹಾಕಿ, ಬಿಗಿದುಕೊಂಡು ಹತ್ತು ಸಲ ಕುಕ್ಕರಿಸಿ ಏಳಿ. ಎಲ್ಲಾದರೂ ಎಳೆದರೆ ಒಂದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಒಮ್ಮೆಗೇ ನಾಲ್ಕನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದೇ ಇಲ್ಲ, ನಾಲ್ಕು ಮಾತ್ರೆ ಒಟ್ಟಿಗೆ ನುಂಗಿದ ಹಾಗೆ.

ಹಲಗೆಯ ಬಗ್ಗೆ ಎರಡೇ ಮಾತು. ಪಂದ್ಯಕ್ಕೆ ಮಾಡಿದ 180 ಸೆಂಟಿಮೀಟರ್ ಮೀರಿದ ಹಳೆಯ ಹಲಗೆಗಳು ಅಗ್ಗಕ್ಕೆ ಸಿಗುತ್ತವೆ. ಅವು ಬಹಳ ವೇಗವಿದ್ದರೆ ಮಾತ್ರ ತಿರುಗುತ್ತವೆ. ಹೊಸಬನ ಕೈಗೆ ಅಲ್ಲ, ಕಾಲಿಗೆ ಅದು ಕಂಟಕ. 155ರಿಂದ 165ರ ಆಸುಪಾಸಿನ, ತೂಕಕ್ಕೆ ತಕ್ಕ ಬಿಗಿತದ ಹಲಗೆ ನಿಧಾನದಲ್ಲೂ ಮಾತು ಕೇಳುತ್ತದೆ.

ಕಾಲಿನ ಚಿಂತೆಯಲ್ಲಿ ಕೈಯನ್ನು ಮರೆಯಬಾರದು. ಸ್ನೋಬೋರ್ಡ್‌ನಲ್ಲಿ ಅತಿ ಹೆಚ್ಚು ಮುರಿಯುವುದು ಮಣಿಕಟ್ಟು, ಅದರಲ್ಲೂ ಹೊಸಬರಲ್ಲಿ. ನಾರ್ವೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಮಣಿಕಟ್ಟಿನ ರಕ್ಷಾಪಟ್ಟಿ ಕೊಟ್ಟು ನೋಡಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪಟ್ಟಿ ಕಟ್ಟಿದವರಲ್ಲಿ 8 ಮಣಿಕಟ್ಟಿನ ಗಾಯ, ಕಟ್ಟದವರಲ್ಲಿ 29. ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಗುಲ್ಮಾರ್ಗಕ್ಕೆ ಹೋಗುವ ನಮ್ಮವರಿಗೆ ಒಂದು ಸೂಚನೆ. ಅಲ್ಲಿಯ ಹೆಸರುವಾಸಿ ಇಳಿಜಾರುಗಳಲ್ಲಿ ಇರುವುದು ಹಿಟ್ಟಿನಂಥ ಆಳವಾದ ಹಿಮ. ಕಿರಿದಾದ ಆಲ್ಪೈನ್ ಹಲಗೆ ಅದರಲ್ಲಿ ಹುಗಿದುಹೋಗುತ್ತದೆ. ಅಲ್ಲಿಗೆ ಮೆತ್ತನೆಯ ಬೂಟು, ಅಗಲದ ಹಲಗೆಯೇ ಸರಿ.

ಇನ್ನು ಧಾರವಾಡದ ತಾಯಿಯವರಿಗೆ. ಬಿರುಕು ಪೂರ್ತಿ ಕೂಡಿದೆ ಎಂದು ಮೂಳೆ ತಜ್ಞರು ಹೇಳಿದ ಮೇಲೆಯೇ ಹಿಮಕ್ಕೆ ಇಳಿಯಲು ಹೇಳಿ. ಅದಕ್ಕೆ ಮೊದಲು ಮಗ ಎಡಗಾಲೊಂದರ ಮೇಲೇ ನಿಂತು, ಹಿಮ್ಮಡಿ ಎತ್ತಿ ಇಳಿಸುವುದನ್ನು ಬಲಗಾಲಿನಷ್ಟೇ ಸಲ ನೋವಿಲ್ಲದೆ ಮಾಡುವಂತಿರಬೇಕು. ಈ ಚಳಿಗಾಲ ಏನನ್ನೂ ಕೊಳ್ಳದೆ, ಬಾಡಿಗೆಗೆ ಸಿಗುವುದಾದರೆ ಒಂದು ವಾರ ಬಾಡಿಗೆ ಸಾಮಾನಿನಲ್ಲಿ ಶಿಕ್ಷಕರಿಂದ ಪಾಠ ಹೇಳಿಸಿಕೊಳ್ಳಲಿ. ಅವನ ಪಾದ 26.5 ಸೆಂಟಿಮೀಟರ್, ಗೆಳೆಯನ ಬೂಟು 28.5 ಎಂದು ನೀವೇ ಬರೆದಿದ್ದೀರಿ. ಆ ಬೂಟು ಗೆಳೆಯನ ಬಳಿಯೇ ಇರಲಿ.