ಹಳೆಯ ಉಪಕರಣಕ್ಕೆ ಹೊಸ ಕಿಂಡಿ



ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೂ ಪದ್ಯವಾಚನಕ್ಕೂ ಬಳಸುವ ಒಂದು ಸಣ್ಣ ಧ್ವನಿವರ್ಧಕವಿದೆ. ಕಳೆದ ವರ್ಷ ಅದರ ಚಾರ್ಜಿಂಗ್ ಕಿಂಡಿ ಸಡಿಲವಾಯಿತು. ಕೇಬಲನ್ನು ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ದೀಪ ಹತ್ತುತ್ತಿತ್ತು. ಹೊಸತನ್ನೇ ಕೊಳ್ಳೋಣವೆಂದು ಕೆಲವರು ಹೇಳಿದರು. ಆದರೆ ಸ್ವರ ಚೆನ್ನಾಗಿತ್ತು, ಬ್ಯಾಟರಿಯೂ ಚೆನ್ನಾಗಿತ್ತು. ಕೆಟ್ಟದ್ದು ಬೆರಳಿನ ಉಗುರಿನಷ್ಟು ಸಣ್ಣ ಕಿಂಡಿಯೊಂದೇ. ಅದನ್ನು ತೆಗೆದು, ಈಗ ಎಲ್ಲೆಡೆ ಬಂದಿರುವ 'ಸಿ' ಮಾದರಿಯ ಕಿಂಡಿಯನ್ನು ಕೂರಿಸಿದರಾಗದೇ ಎಂದು ನಾವು ಯೋಚಿಸಿದೆವು. ಆಗ ನಾವು ಕಲಿತದ್ದೇ ಈ ಪಾಠ.

ಮೊದಲು ಈ ಕಿಂಡಿಗಳ ಹಿನ್ನೆಲೆಯನ್ನು ನೋಡೋಣ. ಒಂದು ಕಾಲದಲ್ಲಿ ಕಂಪ್ಯೂಟರಿಗೆ ಜೋಡಿಸುವ ಒಂದೊಂದು ಸಾಧನಕ್ಕೂ ಒಂದೊಂದು ಬಗೆಯ ಕಿಂಡಿ ಇತ್ತು. ಈ ತೊಡಕನ್ನು ನೀಗಲೆಂದು 1996ರಲ್ಲಿ ಯು.ಎಸ್.ಬಿ. ಎಂಬ ಪದ್ಧತಿ ಬಂದಿತು. ಇದಕ್ಕಾಗಿ ದುಡಿದವರಲ್ಲಿ ಪ್ರಮುಖರು, ಬರೋಡದಲ್ಲಿ ಓದಿ ಇಂಟೆಲ್ ಸಂಸ್ಥೆಯನ್ನು ಸೇರಿದ ಅಜಯ್ ಭಟ್ಟರು ಎಂಬುದು ನಮಗೆ ಹೆಮ್ಮೆಯ ವಿಷಯ. ಅನಂತರ ಫೋನುಗಳಿಗೆ 'ಮೈಕ್ರೋ' ಕಿಂಡಿ ಬಂತು. ಅದರಲ್ಲಿ 5 ಸಂಪರ್ಕಗಳು. ಒಂದೇ ಮಗ್ಗುಲಲ್ಲಿ ಚುಚ್ಚಬೇಕು. 2014ರಲ್ಲಿ 'ಸಿ' ಮಾದರಿ ಪ್ರಕಟವಾಯಿತು. ಇದರಲ್ಲಿ 24 ಸಂಪರ್ಕಗಳಿದ್ದು, ಹೇಗೆ ತಿರುಗಿಸಿ ಚುಚ್ಚಿದರೂ ನಡೆಯುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಇದೇ ಕಿಂಡಿ ಕಡ್ಡಾಯವಾಗಿದೆ.

ಇನ್ನು ನಮ್ಮ ಪೆಟ್ಟಿಗೆಯ ವಿಚಾರ. ರಿಪೇರಿ ಅಂಗಡಿಯಲ್ಲಿ ಹಳೆಯ ಕಿಂಡಿಯನ್ನು ಕಿತ್ತು, ಹೊಸದನ್ನು ಬೆಸುಗೆ ಹಾಕಿಸಿದೆವು. ಶಾಲೆಯ ಹಳೆಯ ಚಾರ್ಜರಿನಿಂದ ದೀಪ ಹತ್ತಿತು. ಎಲ್ಲರಿಗೂ ಸಂತೋಷ. ಮರುದಿನ ಎರಡು ತುದಿಯೂ 'ಸಿ' ಆಗಿರುವ ಕೇಬಲಿನಿಂದ ಹೊಸ ಚಾರ್ಜರಿಗೆ ಜೋಡಿಸಿದರೆ ದೀಪ ಹತ್ತಲೇ ಇಲ್ಲ! ನಾವು ಕೇಬಲನ್ನು ದೂರಿದೆವು, ಚಾರ್ಜರನ್ನು ದೂರಿದೆವು. ತಪ್ಪು ಎರಡರಲ್ಲೂ ಇರಲಿಲ್ಲ. ಡಿಪ್ಲೊಮಾ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬಂದು ಕಾರಣವನ್ನು ವಿವರಿಸಿದನು.

ಹಳೆಯ ಚಾರ್ಜರಿನ ಚಪ್ಪಟೆಯಾದ ದೊಡ್ಡ ಬಾಯಲ್ಲಿ 5 ವೋಲ್ಟ್ ವಿದ್ಯುತ್ತು ಸದಾ ಇರುತ್ತದೆ. ಅದು ಬಾಗಿಲು ತೆರೆದಿಟ್ಟ ಮನೆಯಂತೆ. 'ಸಿ' ಬಾಯಿಯ ಚಾರ್ಜರು ಹಾಗಲ್ಲ. 'ಯಾರು ಬಂದಿರುವುದು?' ಎಂದು ಕೇಳಿ, ಉತ್ತರ ಬಂದ ಮೇಲೆಯೇ ಬಾಗಿಲು ತೆರೆಯುತ್ತದೆ. ಈ ಪ್ರಶ್ನೋತ್ತರಕ್ಕಾಗಿಯೇ ಕಿಂಡಿಯಲ್ಲಿ ಎರಡು ಸಂಪರ್ಕಗಳಿವೆ. ಪ್ರತಿಯೊಂದರಿಂದಲೂ ಋಣ ತಂತಿಗೆ 5,100 ಓಮಿನ ಒಂದೊಂದು ರೋಧಕವನ್ನು ಜೋಡಿಸಬೇಕು. 'ನಾನು ವಿದ್ಯುತ್ತನ್ನು ಪಡೆಯಲು ಬಂದವನು' ಎಂಬುದಕ್ಕೆ ಅದೇ ಉತ್ತರ. ನಮ್ಮ ಕಿಂಡಿಯಲ್ಲಿ ಈ ರೋಧಕಗಳೇ ಇರಲಿಲ್ಲ. ಅಕ್ಕಿಕಾಳಿಗಿಂತ ಸಣ್ಣದಾದ ಎರಡು ರೋಧಕಗಳನ್ನು ಬೆಸೆದೊಡನೆ ದೀಪ ಹತ್ತಿತು.

ಎರಡಕ್ಕೂ ಸೇರಿಸಿ ಒಂದೇ ರೋಧಕ ಸಾಲದೇ ಎಂದು ನೀವು ಕೇಳಬಹುದು. ಸಾಲದು. 2019ರಲ್ಲಿ ಬಂದ ರಾಸ್ಪ್ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೊದಲ ಆವೃತ್ತಿಯಲ್ಲಿ ಹೀಗೆಯೇ ಮಾಡಿದ್ದರಿಂದ ಕೆಲವು ಕೇಬಲುಗಳಲ್ಲಿ ಅದಕ್ಕೆ ವಿದ್ಯುತ್ತು ಸಿಗಲಿಲ್ಲ. ಅನಂತರ ಅದನ್ನು ತಿದ್ದಿದರು. ಬಲ್ಲವರೂ ತಪ್ಪುತ್ತಾರೆ; ಆದರೆ ತಿದ್ದಿಕೊಳ್ಳುತ್ತಾರೆ.

ಇನ್ನು ಕೆಲವು ಎಚ್ಚರದ ಮಾತುಗಳು. ಕಿಂಡಿ ಹೊಸದಾದ ಮಾತ್ರಕ್ಕೆ ಚಾರ್ಜು ಬೇಗ ಆಗುವುದಿಲ್ಲ. ವೇಗವನ್ನು ನಿರ್ಧರಿಸುವುದು ಉಪಕರಣದ ಒಳಗಿನ ಮಂಡಲ. 9 ಅಥವಾ 12 ವೋಲ್ಟ್ ಬೇಡುವ ಉಪಕರಣಗಳಿಗೆ ಬರಿಯ ಕಿಂಡಿ ಬದಲಿಸಿದರೆ ಸಾಲದು. 'ಸಿ' ಚಾರ್ಜರು ಮೊದಲು ಕೊಡುವುದು 5 ವೋಲ್ಟ್ ಮಾತ್ರ. ಹೆಚ್ಚಿನದನ್ನು ಕೇಳಿ ಪಡೆಯಲು ಬೇರೊಂದು ಪುಟ್ಟ ಫಲಕ ಬೇಕು. ಬ್ಯಾಟರಿ ಉಬ್ಬಿದ್ದರೆ ಮಕ್ಕಳು ಅದನ್ನು ಮುಟ್ಟಲೇಬಾರದು. ಬೆಸುಗೆಯ ಕೆಲಸವನ್ನು ಹಿರಿಯರ ಎದುರಿನಲ್ಲಿಯೇ ಮಾಡಬೇಕು.

ಪೋಷಕರಲ್ಲಿ ಒಂದು ವಿನಂತಿ. ಕಿಂಡಿ ಬದಲಿಸಿಕೊಂಡಾಗ ಅಂಗಡಿಯಲ್ಲಿಯೇ ಎರಡು ಪರೀಕ್ಷೆ ಮಾಡಿಸಿರಿ. ಹಳೆಯ ಚಾರ್ಜರಿನಿಂದಲೂ 'ಸಿ'ಯಿಂದ 'ಸಿ'ಗೆ ಹೋಗುವ ಕೇಬಲಿನಿಂದಲೂ ದೀಪ ಹತ್ತಬೇಕು. ಕೇಬಲಿನ ತುದಿಯನ್ನು ತಿರುಗಿಸಿ ಚುಚ್ಚಿದರೂ ಹತ್ತಬೇಕು. ಇಷ್ಟಾದರೆ ಕೆಲಸ ಸರಿಯಾಗಿದೆಯೆಂದು ತಿಳಿಯಿರಿ.

'ಮಾತು ಬಲ್ಲವನಿಗೆ ಜಗಳವಿಲ್ಲ' ಎಂದು ಹಿರಿಯರು ಹೇಳುತ್ತಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಕಾಸರಗೋಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಬಾಗಿಲಿಗೆ ಹೋದಾಗ ಅಲ್ಲಿಯ ಮಾತಿನಲ್ಲಿ ಉತ್ತರ ಕೊಡಲು ಕಲಿತರೆ ಸಾಕು. ಒಳಗಿನ ಸ್ವರವನ್ನು ಬದಲಿಸಬೇಕಾಗಿಲ್ಲ. ನಮ್ಮ ಧ್ವನಿವರ್ಧಕದಲ್ಲಿ ಇಂದಿಗೂ ಬೆಳಗಿನ ಪ್ರಾರ್ಥನೆ ಅದೇ ಹಳೆಯ ಸ್ವರದಲ್ಲಿ ಕೇಳಿಬರುತ್ತಿದೆ.